ಮೀಸೆಯೂ ನೀರಿನ ಕನ್ನಡಕವೂ

ನನ್ನ ಬಾಯಿ ದೊಡ್ಡದು ಎಂದು ಬಂಟ್ವಾಳದ ಹೊಳೆಬದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ದೇವರು ಬಾಯಿ ಕೊಟ್ಟದ್ದು ಬರೇ ಗಂಜಿ ಕುಡಿಯಲಿಕ್ಕಲ್ಲ. ಆದರೆ ನನ್ನ ಗಂಡನ ಕಣ್ಣಿನ ವಿಷಯದಲ್ಲಿ ನಾನು ಬೊಬ್ಬೆ ಹೊಡೆದಷ್ಟು ಇನ್ನಾವುದಕ್ಕೂ ಹೊಡೆದವಳಲ್ಲ, ಮತ್ತು ಆ ಒಂದು ವಿಷಯದಲ್ಲಿಯೇ ನನ್ನ ಮಾತು ನಡೆಯಲಿಲ್ಲ.

ಗಂಡನ ಹೆಸರು ಹೇಳಬಾರದು ಎಂದು ನಮ್ಮ ಕಡೆಯ ಹಿರಿಯರ ಕಟ್ಟಳೆ. ಕತೆ ಹೇಳಲಿಕ್ಕೆ ಹೆಸರು ಬೇಕಲ್ಲ, ಆದ್ದರಿಂದ ಒಮ್ಮೆ ಹೇಳಿಬಿಡುತ್ತೇನೆ: ಜತ್ತಪ್ಪ. ಇನ್ನು ಮುಂದೆ ‘ಇವರು’ ಎಂದರೆ ಅವರೇ.

ಹೊಳೆಗೆ ಬಿದ್ದದ್ದನ್ನು ಮುಳುಗಿ ತೆಗೆದುಕೊಡುವುದು ಇವರ ಕೆಲಸ. ಅರವತ್ತನೇ ಇಸವಿಯ ಆಚೀಚೆ ನೇತ್ರಾವತಿಯಲ್ಲಿ ಸಾಮಾನಿನ ದೋಣಿಗಳು ಇನ್ನೂ ಓಡಾಡುತ್ತಿದ್ದವು. ದೋಣಿ ಎಂದ ಮೇಲೆ ಏನಾದರೂ ಬೀಳುತ್ತಲೇ ಇರುತ್ತದೆ. ಲಂಗರು ಬೀಳುತ್ತದೆ, ತಾಮ್ರದ ಹಂಡೆ ಬೀಳುತ್ತದೆ, ದಿಬ್ಬಣ ದಾಟುವಾಗ ಮದುಮಗಳ ಕುತ್ತಿಗೆಯ ಸರ ಬೀಳುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾಯಿತೆಂದರೆ ಜನ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಬೆಳ್ತಂಗಡಿ, ಮೂಡುಬಿದಿರೆಯ ಕಡೆಯಿಂದಲೂ ಕೆರೆಗೆ ಬಿದ್ದ ಪಾತ್ರೆಗೆಂದು ಕರೆ ಬರುತ್ತಿತ್ತು. ಇವರು ಒಂದು ಕಲ್ಲನ್ನು ಎದೆಗೆ ಅವಚಿಕೊಂಡು ಇಳಿದರೆ ದಡದಲ್ಲಿ ನಿಂತ ನಮಗೆ ಉಸಿರು ಕಟ್ಟುತ್ತಿತ್ತು, ಅಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ. ನೀರಿನಲ್ಲಿ ಮುಳುಗಿದ ಮನುಷ್ಯರನ್ನು ತೆಗೆಯಲಿಕ್ಕೆ ಕರೆದರೆ ಮಾತ್ರ ಇವರು ಕೂಲಿ ಮುಟ್ಟುತ್ತಿರಲಿಲ್ಲ, ಆಗುವುದಿಲ್ಲ ಎನ್ನುತ್ತಲೂ ಇರಲಿಲ್ಲ. ಇವರ ತಂದೆಯವರ ಕಾಲದಿಂದ ಬಂದ ನಡೆ ಅದು.

ಬರಿಗಣ್ಣಿಗೆ ನೀರಿನ ಅಡಿಯಲ್ಲಿ ಎಲ್ಲವೂ ಕಲಸಿದ ಹಾಗೆ ಕಾಣುತ್ತದಂತೆ. ಇವರು ಕೈಯಲ್ಲಿ ತಡಕಿ ತಡಕಿಯೇ ಹುಡುಕುತ್ತಿದ್ದರು. ತಲೆಕೆಳಗಾಗಿ ಇಳಿಯುವಾಗ ಮೂಗಿಗೆ ನೀರೇರಿ ಸಂಜೆಯವರೆಗೂ ಹಣೆ ಸಿಡಿಯುತ್ತಿತ್ತು. ಮನೆಗೆ ಬಂದು ಗೋಡೆಗೆ ಒರಗಿ ಕುಳಿತರೆ ನನ್ನ ಅತ್ತೆ ಕಾವೇರಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಎದ್ದುಬಂದು ಮಗನ ಕಣ್ಣಿನ ಮೇಲೆ ನಂದಿಬಟ್ಟಲಿನ ಹೂ ಇಡುತ್ತಿದ್ದರು. ನಾನು ಅವರನ್ನು ಮಾಮಿ ಎಂದು ಕರೆಯುತ್ತಿದ್ದೆ. ಮಗ ಸಣ್ಣವನಿರುವಾಗಲೇ ಗಂಡ ತೀರಿಕೊಂಡು, ಬೀಡಿ ಸುತ್ತಿ ಸುತ್ತಿ ಆ ಮಗನನ್ನು ಸಾಕಿದವರು. ಮಗನೆಂದರೆ ಅವರಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆ ಪ್ರೀತಿಯ ಮೇಲೆಯೇ ನನಗೆ ಸಿಟ್ಟು.

ಗದ್ದೆಯ ಆಚೆ ಉಮ್ಮರ್ ಬ್ಯಾರಿಯ ಮನೆ. ಇವರೂ ಅವರೂ ಸಣ್ಣಂದಿನಿಂದ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು. ಉಮ್ಮರ್ ನಡುವೆ ನಾಲ್ಕೈದು ವರ್ಷ ಬೊಂಬಾಯಿಗೆ ಹೋಗಿ, ಅಲ್ಲಿ ಹಡಗಿನ ಅಡಿಯ ಪಾಚಿ ಕೆರೆಯುವವರ ಜೊತೆ ಸೇರಿದ್ದರು. ಅವರ ಹೆಂಡತಿ ರುಖಿಯಮ್ಮ, ಒಬ್ಬಳೇ ಮಗಳು ಅವ್ವಮ್ಮ. ನಮಗೆ ಮಕ್ಕಳಾಗಿರಲಿಲ್ಲ. ಅವ್ವಮ್ಮ ಬೆಳಗ್ಗೆ ಕಣ್ಣು ತಿಕ್ಕಿಕೊಂಡು ನಮ್ಮ ಜಗಲಿಗೆ ಬಂದರೆ ಮತ್ತೆ ರುಖಿಯಮ್ಮ ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆಯೇ ಮನೆಗೆ ಹೋಗುವುದು. ಮಾಮಿಗೆ ಬೀಡಿಯ ಎಲೆ ಕತ್ತರಿಸಿ ಕೊಡುತ್ತಾ ಏನಾದರೊಂದು ವಟಗುಟ್ಟುತ್ತಿದ್ದಳು. ನನ್ನನ್ನು ಲೋಲಕ್ಕ ಎನ್ನುತ್ತಿದ್ದಳು.

ಏಪ್ರಿಲಿನ ಬಿಸು ಹಬ್ಬಕ್ಕೆ ಮುಂಚೆ ಉಮ್ಮರ್ ಬೊಂಬಾಯಿಯಿಂದ ಊರಿಗೇ ಬಂದುಬಿಟ್ಟರು. ಮಾರನೆಯ ದಿನ ನಮ್ಮ ಜಗಲಿಯ ಚಾಪೆಯ ಮೇಲೆ ಕುಳಿತು ಒಂದು ಕಾಗದದ ಕಟ್ಟು ಬಿಚ್ಚಿದರು.

“ನೋಡು ಜತ್ತಪ್ಪ, ನಿನಗೆ ಅಂತ ತಂದದ್ದು. ಇದು ಸಣ್ಣದು, ಕಣ್ಣಿಗೆ ಮಾತ್ರ. ಇದು ಮೂಗಿನ ಕ್ಲಿಪ್ಪು, ಹಾಕಿಕೊಂಡರೆ ನೀರು ಏರುವುದಿಲ್ಲ. ಇದು ದೊಡ್ಡದು, ಮಾಸ್ಕು ಅಂತ ಹೇಳ್ತಾರೆ. ಕಣ್ಣು, ಮೂಗು ಎಲ್ಲ ಒಳಗೆ.”

ಸಣ್ಣದೆಂದರೆ ಎರಡು ಗುಂಡು ಗಾಜು, ಸುತ್ತ ರಬ್ಬರಿನ ಅಂಚು, ತಲೆಯ ಹಿಂದೆ ಹಾಕಲಿಕ್ಕೆ ಪಟ್ಟಿ. ದೊಡ್ಡದಕ್ಕೆ ಒಂದೇ ಅಗಲದ ಗಾಜು, ಹಣೆಯಿಂದ ಮೇಲ್ತುಟಿಯವರೆಗೆ ಮುಖವನ್ನೆಲ್ಲ ಮುಚ್ಚುವಂಥದ್ದು. ಇವರು ಮೊದಲು ಸಣ್ಣದನ್ನು ಹಾಕಿ ಅಂಗಳದ ಹಂಡೆಯ ನೀರಿಗೆ ಮುಖ ಅದ್ದಿದರು. ಎತ್ತಿದಾಗ ಮುಖವೆಲ್ಲ ನಗು.

“ಅಯ್ಯ ಮಾರಾಯ! ಹಂಡೆಯ ಅಡಿಗೆ ಹಾಕಿದ ತೇಪೆ ಸಹ ಕಾಣ್ತದೆ!”

“ಅದನ್ನು ಬಿಡು, ದೊಡ್ಡದನ್ನು ನೋಡು,” ಎಂದರು ಉಮ್ಮರ್. “ಪಟ್ಟಿ ಹಾಕಬೇಡ. ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರು ಎಳೆದು ಕೈ ಬಿಡು. ಬೀಳದೆ ನಿಂತರೆ ಅದು ನಿನ್ನ ಮುಖಕ್ಕೆ ಆಗ್ತದೆ ಅಂತ ಲೆಕ್ಕ.”

ಇವರು ಒತ್ತಿ, ಉಸಿರೆಳೆದು, ಕೈಬಿಟ್ಟರು. ಬಿದ್ದುಬಿಟ್ಟಿತು. ಇನ್ನೊಮ್ಮೆ ಮಾಡಿದರು, ಮತ್ತೆ ಬಿತ್ತು. ಉಮ್ಮರ್ ತಮ್ಮ ಮುಖಕ್ಕೆ ಇಟ್ಟು ತೋರಿಸಿದರು. ಅವರಿಗೆ ಗಡ್ಡ ಉಂಟು, ಮೀಸೆ ಇಲ್ಲ. ಹಲ್ಲಿ ಗೋಡೆಗೆ ಹಿಡಿದಂತೆ ಅದು ಅಲ್ಲಾಡದೆ ನಿಂತಿತು. ಅವ್ವಮ್ಮ ಕೈ ತಟ್ಟಿ ನಕ್ಕಳು.

“ನಿನ್ನ ಮೀಸೆ ಮಾರಾಯ, ಅದೇ ತೊಂದರೆ. ಕೂದಲಿನ ಎಡೆಯಲ್ಲಿ ನೀರು ಬರ್ತದೆ. ಅದನ್ನು ತೆಗೆದುಬಿಡು, ಮತ್ತೆ ಒಂದು ಹನಿಯೂ ಬರುವುದಿಲ್ಲ.”

ಅಷ್ಟು ಹೇಳಿದ್ದೇ ತಡ, ಮಾಮಿಯ ಮಡಿಲಿನ ಬೀಡಿಯ ಗೆರಸೆ ನೆಲಕ್ಕೆ ಬಿತ್ತು.

“ಏನಂದಿ ಉಮ್ಮರ್? ನಾನು ಸತ್ತೆನಾ? ನಾನಿಲ್ಲಿ ಕಣ್ಣು ಬಿಟ್ಟು ಕೂತಿದ್ದೇನೆ, ನನ್ನ ಮಗ ಮೀಸೆ ಬೋಳಿಸಬೇಕಾ?”

ನಮ್ಮಲ್ಲಿ ಗಂಡಸರು ಮೀಸೆ ತೆಗೆಯುವುದು ಅಪ್ಪನೋ ಅಮ್ಮನೋ ಸತ್ತಾಗ. ಇವರ ಅಪ್ಪ ಹೋದಾಗ ಇವರಿಗಿನ್ನೂ ಮೀಸೆಯೇ ಮೊಳೆತಿರಲಿಲ್ಲ. ಉಳಿದದ್ದು ಅಮ್ಮ ಒಬ್ಬರು. ಅವರು ಬದುಕಿರುವಾಗ ಮೀಸೆಗೆ ಕತ್ತಿ ಹಾಕಿದರೆ ಸಾವನ್ನು ಕೈಬೀಸಿ ಕರೆದ ಹಾಗೆ ಎಂದು ಮಾಮಿಯ ಭಯ. ಭಯವೂ ಅಲ್ಲ, ಅವರಿಗದು ಅವಮಾನ. ಮುಖ ಕೆಂಪು ಮಾಡಿಕೊಂಡು, ಗೆರಸೆಯಿಂದ ಚೆಲ್ಲಿದ ಹೊಗೆಸೊಪ್ಪನ್ನು ಹೆಕ್ಕತೊಡಗಿದರು.

“ಹಾಗಲ್ಲ ಅಮ್ಮ,” ಎಂದರು ಉಮ್ಮರ್. ಅವರೂ ಮಾಮಿಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. “ಇದು ಕೆಲಸಕ್ಕಲ್ಲವಾ?”

“ಕೆಲಸಕ್ಕೆ ಸಣ್ಣದು ಸಾಕಲ್ಲ. ಕಣ್ಣಿಗೆ ಅದು, ಮೂಗಿಗೆ ಆ ಕ್ಲಿಪ್ಪು. ಎರಡೂ ಸೇರಿದರೆ ದೊಡ್ಡದೇ ಆಯಿತಲ್ಲ.”

“ಆಗುವುದಿಲ್ಲ ಅಮ್ಮ. ಕಣ್ಣೂ ಮೂಗೂ ಒಂದೇ ಕೋಣೆಯಲ್ಲಿ ಇರಬೇಕು. ಆಳಕ್ಕೆ ಹೋದ ಹಾಗೆ ಒಳಗಿನ ಗಾಳಿ ಕುಗ್ತದೆ, ಗಾಜು ಕಣ್ಣನ್ನು ಎಳೀತದೆ. ಈ ಮಕ್ಕಳು ಲೋಟೆಯನ್ನು ಬಾಯಿಗಿಟ್ಟು ಉಸಿರು ಎಳೆದರೆ ತುಟಿಗೆ ಕಚ್ಚಿಕೊಳ್ಳುವುದಿಲ್ಲವಾ, ಹಾಗೆ. ದೊಡ್ಡದರಲ್ಲಾದರೆ ಮೂಗಿನಿಂದ ಸ್ವಲ್ಪ ಊದಿದರೆ ಬಿಟ್ಟುಬಿಡ್ತದೆ. ಸಣ್ಣದಕ್ಕೆ ಎಲ್ಲಿಂದ ಊದುವುದು? ಆಳವಿಲ್ಲದ ಕಡೆಗೆ ಅಡ್ಡಿಯಿಲ್ಲ. ಹೊಳೆಯ ಆಳದ ಗುಂಡಿಗೆ ಇಳಿಯುವವನಿಗೆ ಅದು ಬೇಡವೇ ಬೇಡ.”

ಮಾಮಿ ಮಗನ ಮುಖ ನೋಡಿದರು. ಇವರು ಮೀಸೆಯ ಮೇಲೆ ಒಮ್ಮೆ ಬೆರಳಾಡಿಸಿ, ದೊಡ್ಡದನ್ನು ಚಾಪೆಯ ಮೇಲಿಟ್ಟರು.

“ಅಮ್ಮನಿಗೆ ಬೇಡವಾದ್ದು ನನಗೂ ಬೇಡ. ಸಣ್ಣದೇ ಇರಲಿ ಉಮ್ಮರ್.”

ನನಗೆ ಮೈಯೆಲ್ಲ ಉರಿಯಿತು. “ಮೀಸೆ ಹೋದರೆ ಮತ್ತೆ ಬರ್ತದೆ, ಕಣ್ಣು ಹೋದರೆ ಬರ್ತದಾ?” ಎಂದು ಜಗಲಿಯಲ್ಲೇ, ಉಮ್ಮರ್ ಎದುರಿನಲ್ಲೇ ಕೂಗಿದೆ. ಮಾಮಿ, “ನಿನ್ನ ಅಮ್ಮ ಇದ್ದಿದ್ದರೆ ಹೀಗೆ ಹೇಳ್ತಿದ್ದಿಯಾ?” ಎಂದು ಕೇಳಿದರು. ತೀರಿಹೋದ ನನ್ನ ಅಮ್ಮನ ಮಾತು ಬಂದ ಮೇಲೆ ನಾನು ಒಳಗೆ ಹೋಗಿ ಪಾತ್ರೆ ತಿಕ್ಕಿದೆ. ಆ ದಿನ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಯಾವತ್ತೂ ಹೊಳೆದಿರಲಿಲ್ಲ.

ದೊಡ್ಡದನ್ನು ಉಮ್ಮರ್ ವಾಪಸು ಒಯ್ಯಲಿಲ್ಲ. ಮನಸ್ಸು ಬದಲಾದರೆ ಇರಲಿ ಎಂದು ಬಿಟ್ಟುಹೋದರು. ಅದು ಬಾಗಿಲ ಬದಿಯ ಮೊಳೆಯಲ್ಲಿ ನೇತಾಡುತ್ತಾ ಇತ್ತು. ಅವ್ವಮ್ಮ ಆಗಾಗ ಅದನ್ನು ಮುಖಕ್ಕೆ ಸಿಕ್ಕಿಸಿಕೊಂಡು, ಕಪ್ಪೆಯ ಹಾಗೆ ಅಂಗಳವಿಡೀ ಕುಪ್ಪಳಿಸಿ ಮಾಮಿಯನ್ನು ಹೆದರಿಸುತ್ತಿದ್ದಳು. ಮಾಮಿ ಕೋಲು ಹಿಡಿದು ಅಟ್ಟುವ ಹಾಗೆ ಮಾಡಿ, ಕೊನೆಗೆ ನಕ್ಕು ಬೆಲ್ಲದ ತುಂಡು ಕೊಡುತ್ತಿದ್ದರು.

ಆ ಬೇಸಿಗೆಯಲ್ಲಿ ಇವರ ಹೆಸರು ಎಲ್ಲೆಲ್ಲೋ ಹೋಯಿತು. ಕಣ್ಣಿಗೆ ಕಾಣುವಾಗ ಹುಡುಕುವುದು ಏನು ಕಷ್ಟ? ಯಾರೂ ತೆಗೆಯಲಾರದೆ ಬಿಟ್ಟಿದ್ದ ಲಂಗರನ್ನು ಇವರು ಒಂದೇ ಬೆಳಗ್ಗೆ ತೆಗೆದರು. ಮೂಡುಬಿದಿರೆಯಲ್ಲಿ ಹೋಟೆಲಿಟ್ಟ ರಮಾನಾಥರ ಮನೆಯ ದೊಡ್ಡ ಹಿತ್ತಾಳೆ ಕೊಪ್ಪರಿಗೆ ಕೆರೆಯ ಕೆಸರಿನಲ್ಲಿ ಹೂತದ್ದನ್ನು ಎಳೆದುಕೊಟ್ಟು ಬಂದರು. ಆಳವಿಲ್ಲದಲ್ಲಿ ಏನೂ ಆಗಲಿಲ್ಲ. ಹೊಳೆಯ ಗುಂಡಿಗಳಿಗೆ ಇಳಿದಾಗ ಮಾತ್ರ, ಉಮ್ಮರ್ ಹೇಳಿದ್ದು ಹೇಳಿದ ಹಾಗೆಯೇ ಆಯಿತು. ಕಣ್ಣಿನ ಸುತ್ತ ರಬ್ಬರಿನ ಗುರುತು ನೀಲಿಗಟ್ಟಿ, ಬಿಳಿಗುಡ್ಡೆಯಲ್ಲಿ ಕುಂಕುಮ ಕಲಸಿದಷ್ಟು ರಕ್ತ. ವಾರ ಕಳೆದು ಅದು ಹಳದಿಯಾಗಿ ಮಾಯುವಷ್ಟರಲ್ಲಿ ಇನ್ನೊಂದು ಗುಂಡಿ.

ನಾನು ಸುಮ್ಮನಿರಲಿಲ್ಲ. ಮೀಸೆಗೆ ತುಪ್ಪ ಹಚ್ಚಿ ದೊಡ್ಡದನ್ನು ಹಾಕಿಸಿದೆ. ಜೇನುಮೇಣ ಮೆತ್ತಿ ಹಾಕಿಸಿದೆ. ಹಂಡೆಯಲ್ಲಿ ನಿಂತಂತೆ ಕಾಣುವುದು, ಹೊಳೆಯಲ್ಲಿ ಆಳು ಮಟ್ಟ ಇಳಿಯುವಷ್ಟರಲ್ಲಿ ಮೂಗಿನವರೆಗೆ ನೀರು. ಇವರು ಕೆಮ್ಮುತ್ತಾ ಮೇಲೆ ಬಂದು, “ಬಿಡು ಮಾರಾಯ್ತಿ, ನನ್ನನ್ನು ಕೊಂದೇಬಿಡ್ತಿ,” ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮೇ ತಿಂಗಳಲ್ಲಿ ಇವರು ದೀಪದ ಸುತ್ತ ಬಳೆ ಕಾಣುತ್ತದೆ ಎಂದರು. ಎಡಗಣ್ಣು ಮಂಜಾಗಿತ್ತು. ನನಗೆ ಹೇಳಿದರು, ಅಮ್ಮನಿಗೆ ಹೇಳಬೇಡ ಎಂದರು.

ಹೇಳುವ ಅಗತ್ಯ ಬರಲಿಲ್ಲ. ಜುಲೈ ಬಂದು ಕಾರ್ತೆಲ್ ತಿಂಗಳ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಗಂಜಿಗೆ ಕುಳಿತಿದ್ದಾಗ ಇವರು ಉಪ್ಪಿನಕಾಯಿಗೆ ಕೈ ಚಾಚಿದರು. ಕೈ ಭರಣಿಯ ಬದಿಯ ನೆಲಕ್ಕೆ ಹೋಯಿತು. ಮತ್ತೆ ಚಾಚಿದರು, ಮತ್ತೆ ನೆಲ. ಮಾಮಿ ಭರಣಿಯನ್ನು ಮಗನ ಕೈಯ ಕೆಳಗೆ ಸರಿಸಿದರು. ಊಟವಾದ ಮೇಲೆ ಬೀಡಿಗೆ ಕೈ ಹಾಕದೆ ನನ್ನನ್ನು ಕರೆದರು.

“ಲೋಲಾಕ್ಷಿ, ಬೋಳಿಸಲಿ. ನನ್ನದೇನು, ಬದುಕಿದ್ದು ಸಾಕು. ಆದರೆ ಆಟಿ ಒಂದು ಕಳೆಯಲಿ. ಸೋಣ ಬಂದ ಕೂಡಲೇ ನಾನೇ ಕರೆಸಿ ಬೋಳಿಸ್ತೇನೆ.”

ಆಟಿಯೆಂದರೆ ನಮಗೆ ಕೆಟ್ಟ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಕೆಲಸ ಇಲ್ಲ. ಸತ್ತವರಿಗೆ ಬಡಿಸುವ ತಿಂಗಳು ಅದು. ಅಂಥ ತಿಂಗಳು ಬಾಗಿಲಲ್ಲಿ ನಿಂತಿರುವಾಗ ಅಮ್ಮ ಬದುಕಿರುವ ಮಗನ ಮೀಸೆ ತೆಗೆಯುವುದೆಂದರೆ ಯಾರಾದರೂ ಹೆದರಿಯಾರು. ಅದೂ ಅಲ್ಲದೆ ಆಟಿಯಲ್ಲಿ ಹೊಳೆ ಕೆಂಪಾಗಿ ದಡ ಮೀರಿ ಹರಿಯುತ್ತದೆ, ಮುಳುಗುವ ಕೆಲಸವೇ ಇಲ್ಲ. ಸೋಣ ಬರುವವರೆಗೆ ಒಂದು ತಿಂಗಳು ಕಾದರೆ ಹೋಗುವುದೇನು? ಇವರು ಸರಿ ಎಂದರು. ಉಮ್ಮರ್ ಕೂಡ, “ಅಮ್ಮ ಒಪ್ಪಿದರಲ್ಲ, ಅದೇ ದೊಡ್ಡದು,” ಎಂದರು. ಜಗಳಗಂಟಿಯಾದ ನನಗೂ ಅದು ನ್ಯಾಯವೇ ಅನ್ನಿಸಿತು.

ಆಟಿಯ ನಡುವೆ ಮಳೆ ಬಿಟ್ಟು ಬಿಸಿಲು ಬಂತು. ಆಟಿಯ ಬಿಸಿಲೆಂದರೆ ಬೆನ್ನು ಸುಲಿಯುವಂಥದ್ದು. ನಾನು ಅಂಗಳದಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ, ಇವರು ಬೇಲಿ ಕಟ್ಟುತ್ತಿದ್ದರು. ಗದ್ದೆಯ ಕಡೆಯಿಂದ ರುಖಿಯಮ್ಮ ಕಿರಿಚುವುದು ಕೇಳಿತು. ತಲೆಯ ಮೇಲಿನ ಬಟ್ಟೆ ಜಾರಿ, ಎದೆ ಬಡಿದುಕೊಂಡು ಓಡಿಬರುತ್ತಿದ್ದರು.

“ಅವ್ವಮ್ಮ ಕೋರೆಗೆ ಬಿದ್ದಳು! ಜತ್ತಪ್ಪಣ್ಣ, ಓಡಿ ಬನ್ನಿ, ನನ್ನ ಮಗು ಕೋರೆಗೆ ಬಿದ್ದಳು!”

ಉಮ್ಮರ್ ಮನೆಯ ಹಿಂದೆ, ರಸ್ತೆಗೆಂದು ಕಲ್ಲು ಒಡೆದು ಬಿಟ್ಟುಹೋದ ಒಂದು ಕೋರೆ ಇತ್ತು. ಒಂದು ತೆಂಗಿನ ಮರ ಮುಳುಗುವಷ್ಟು ಆಳ. ಮಳೆನೀರು ತುಂಬಿ ಹಸಿರಾಗಿ, ತಣ್ಣಗೆ ನಿಂತಿರುತ್ತಿತ್ತು. ಬಿಸಿಲು ಬಂತೆಂದು ತಾಯಿ ಮಗಳು ಬಟ್ಟೆ ಒಗೆಯಲು ಹೋಗಿದ್ದರು. ರುಖಿಯಮ್ಮ ಬಟ್ಟೆ ಹರವಲು ತಿರುಗಿದ್ದಾಗ ಹುಡುಗಿ ಬಾಲ್ದಿಯಲ್ಲಿ ನೀರು ಮೊಗೆಯಲು ಬಗ್ಗಿ, ಪಾಚಿಯಲ್ಲಿ ಕಾಲು ಜಾರಿ ಹೋಗಿದ್ದಳು.

ಇವರು ಬೇಲಿಯ ಕತ್ತಿಯನ್ನು ಎಸೆದು ಬಾಗಿಲಿಗೆ ಹಾರಿದರು. ಮೊಳೆಯಲ್ಲಿ ದೊಡ್ಡದೂ ಇತ್ತು, ಸಣ್ಣದೂ ಇತ್ತು. ದೊಡ್ಡದನ್ನು ತೆಗೆದು ಮುಖಕ್ಕೆ ಒತ್ತಿ ನೋಡಿದರು. ನಿಲ್ಲಲಿಲ್ಲ. ಅದನ್ನು ಅಲ್ಲೇ ಬಿಸಾಡಿ ಸಣ್ಣದನ್ನು ಹಿಡಿದುಕೊಂಡು ಗದ್ದೆಯ ನಡುವಿನ ಹುಣಿಯ ಮೇಲೆ ಓಡಿದರು. ನಾನು ಹಿಂದೆ ಓಡಿದೆ. “ಜತ್ತಾ, ನಿಲ್ಲು, ಒಂದು ಗಳಿಗೆ ನಿಲ್ಲು!” ಎಂದು ಮಾಮಿ ಕೂಗಿದ್ದು ಕೇಳಿತು. ಯಾರು ನಿಲ್ಲುವುದು?

ಕೋರೆಯ ದಡದಲ್ಲಿ ಉಮ್ಮರ್ ಆಗಲೇ ನೀರಿಗೆ ಹಾರಿ ಬರಿಗೈಯಲ್ಲಿ ಮೇಲೆ ಬಂದಿದ್ದರು. ಹಡಗಿನ ಅಡಿ ಕೆರೆದವರಿಗೆ ಅಷ್ಟು ಆಳ ಇಳಿಯುವ ದಮ್ಮು ಇರಲಿಲ್ಲ. ಇವರು ಒಂದು ಕಲ್ಲನ್ನು ಅವಚಿಕೊಂಡು ಇಳಿದರು. ಗುಳ್ಳೆ ಬಂತು, ನಿಂತಿತು, ನೀರು ಮತ್ತೆ ಹಸಿರಾಯಿತು. ನನಗೆ ಗೊತ್ತಿದ್ದ ದೈವ ದೇವರುಗಳನ್ನೆಲ್ಲ ಕರೆದೆ. ರುಖಿಯಮ್ಮ ನನ್ನ ತೋಳಿಗೆ ಉಗುರು ಊರಿ ಹಿಡಿದಿದ್ದರು. ಇವರು ಬರಿಗೈಯಲ್ಲಿ ಎದ್ದರು, ಉಸಿರು ತುಂಬಿಕೊಂಡರು, ಮತ್ತೆ ಇಳಿದರು. ಎರಡನೇ ಸಲ ಎದ್ದಾಗ ಗಾಜಿನ ಒಳಗೆ ಕೆಂಪು ಕಂಡಿತು.

ಉಮ್ಮರ್ ಅದನ್ನು ನೋಡಿದರು. ಆ ಮನುಷ್ಯ ಈಜಿ ಹೋಗಿ ಇವರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

“ಸಾಕು ಜತ್ತಪ್ಪ! ಸಾಕು ಮಾರಾಯ! ಇಷ್ಟು ಹೊತ್ತಾದ ಮೇಲೆ ಉಸಿರು ಇರಲಿಕ್ಕಿಲ್ಲ. ನನ್ನ ಮಗಳು ಹೋದಳು. ನಿನ್ನ ಕಣ್ಣಾದರೂ ಉಳಿಯಲಿ!”

ಹೆತ್ತ ಅಪ್ಪ ಹೇಳುವ ಮಾತಾ ಅದು? ಹೇಳಿದರು. ನನ್ನ ಕಿವಿಯಲ್ಲಿ ಕೇಳಿದ್ದೇನೆ.

“ನನಗೆ ಕಂಡಿದ್ದಾಳೆ ಉಮ್ಮರ್,” ಎಂದರು ಇವರು ಏದುಸಿರು ಬಿಡುತ್ತಾ. “ಕೆಳಗೆ ಕಲ್ಲಿನ ಸಂದಿಯಲ್ಲಿದ್ದಾಳೆ. ಕಂಡ ಮೇಲೆ ಬಿಟ್ಟು ಬರ್ಲಿಕ್ಕೆ ಆಗ್ತದಾ?”

ಅಷ್ಟರಲ್ಲಿ ಮಾಮಿ ಬಂದು ಮುಟ್ಟಿದರು. ಒಂದು ಕೈಯಲ್ಲಿ ದೊಡ್ಡದು, ಇನ್ನೊಂದರಲ್ಲಿ ಇವರ ಗಡ್ಡದ ಕತ್ತಿ. ಸೆರಗು ಕೆಸರಾಗಿತ್ತು, ಹುಣಿಯಲ್ಲಿ ಎಲ್ಲಿಯೋ ಬಿದ್ದು ಎದ್ದು ಬಂದಿದ್ದರು.

“ಬಾ ಮಗಾ, ಈಚೆ ಬಾ. ನಾನೇ ತೆಗೀತೇನೆ, ಒಂದು ಗಳಿಗೆ ಸಾಕು. ಆಟಿಯೂ ಬೇಡ ಸೋಣವೂ ಬೇಡ, ಬಾ!”

“ಅಷ್ಟು ಹೊತ್ತು ಇಲ್ಲ ಅಮ್ಮ,” ಎಂದು ಇವರು ಮುಳುಗಿದರು.

ಈ ಸಲ ಎದ್ದಾಗ ಕೈಯಲ್ಲಿ ಅವ್ವಮ್ಮ ಇದ್ದಳು. ಉಮ್ಮರ್ ಅವಳನ್ನು ಎಳೆದುಕೊಂಡು ಬಂಡೆಯ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, ಬೆನ್ನು ಗುದ್ದಿ, ಅಂಗಾಲು ತಿಕ್ಕಿ, ಏನೇನು ಮಾಡಬಹುದೋ ಎಲ್ಲ ಮಾಡಿದರು. ಬಾಯಿಂದ ನೀರು ಬಂತು. ಮತ್ತೇನೂ ಬರಲಿಲ್ಲ. ರುಖಿಯಮ್ಮ ಮಗಳ ಮುಖವನ್ನು ತಮ್ಮ ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

ನಾನು ಇವರ ಮುಖದಿಂದ ಸಣ್ಣದನ್ನು ಬಿಡಿಸಿದೆ. ಅದು ಬರಲೊಲ್ಲದೆ ಕಚ್ಚಿಕೊಂಡಿತ್ತು. ಬೆರಳು ತೂರಿಸಿ ಎಬ್ಬಿಸಿದಾಗ ಗಾಜಿನಲ್ಲಿ ತುಂಬಿದ್ದ ರಕ್ತ ನನ್ನ ಅಂಗೈಗೆ ಸುರಿಯಿತು. ಕಣ್ಣಿನಲ್ಲಿ ಬಿಳಿಯೆಂಬುದೇ ಇರಲಿಲ್ಲ. ರೆಪ್ಪೆಗಳು ಊದಿ ಹೊರಗೆ ಬಂದಿದ್ದವು.

“ಉಸಿರು ಉಂಟಾ?” ಎಂದು ಕೇಳಿದರು ಇವರು.

ಹುಡುಗಿ ಇವರ ಎದುರಿಗೇ, ಕೈಗೆ ಎಟಕುವಷ್ಟು ಹತ್ತಿರದಲ್ಲಿ ಮಲಗಿದ್ದಳು. ಅವಳ ತಾಯಿ ಅಳುವ ಶಕ್ತಿಯೂ ಇಲ್ಲದೆ ಕುಳಿತಿದ್ದರು.

“ಯಾಕೆ ಯಾರೂ ಹೇಳುವುದಿಲ್ಲ? ಉಮ್ಮರ್, ಉಸಿರು ಉಂಟಾ ನಿನ್ನ ಮಗಳಿಗೆ?”

ಆಗ ನಮಗೆಲ್ಲ ಗೊತ್ತಾಯಿತು. ಮಾಮಿಯ ಕೈಯಿಂದ ಕತ್ತಿ ಬಂಡೆಯ ಮೇಲೆ ಬಿತ್ತು. ಅವರು ನಿಂತಲ್ಲಿಯೇ ಕಲ್ಲಾಗಿದ್ದರು.

ಅವ್ವಮ್ಮನನ್ನು ಸಂಜೆಯ ಒಳಗೆ ಮಸೀದಿಯ ಹಿತ್ತಿಲಿಗೆ ಒಯ್ದರು. ಉಮ್ಮರ್ ಅಲ್ಲಿಂದ ನೇರ ನಮ್ಮಲ್ಲಿಗೆ ಬಂದು, ಇವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಕಾರು ಗೊತ್ತು ಮಾಡಿಕೊಟ್ಟರು. ಡಾಕ್ಟರರು ಎರಡೂ ಕಣ್ಣಿಗೆ ಬೆಳಕು ಹಿಡಿದು ನೋಡಿದರು. ಕಣ್ಣಿನ ಹಿಂದೆ ರಕ್ತ ಕಟ್ಟಿ ನರ ಹಿಸುಕಿಹೋಗಿದೆ, ಮೊದಲೇ ಪೆಟ್ಟು ತಿಂದ ಕಣ್ಣುಗಳು, ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಒಳ್ಳೆಯವರು, ಮೆಲ್ಲನೆ ಹೇಳಿದರು. ಮೆಲ್ಲನೆ ಹೇಳಿದರೆ ಕಡಿಮೆ ನೋವಾಗುತ್ತದಾ?

ಮನೆಗೆ ಬಂದ ಮೇಲೆ ಉಮ್ಮರ್ ದಿನವೂ ಬಂದು ಇವರ ಬದಿಯಲ್ಲಿ ಕೂರುತ್ತಿದ್ದರು. ಒಂದು ದಿನ ಉಮ್ಮರ್, “ಅದನ್ನು ತಂದದ್ದೇ ನಾನು,” ಎಂದು ಮುಖ ಮುಚ್ಚಿಕೊಂಡು ಅತ್ತರು. ಇವರು ಅವರ ಬೆನ್ನು ಹುಡುಕಿ ಕೈಯಿಟ್ಟರು.

“ಮಾರಾಯ, ನಾನು ಕಡೆಗೆ ಕಂಡದ್ದು ಯಾರನ್ನು ಹೇಳು? ನಿನ್ನ ಮಗಳನ್ನು. ನಿದ್ದೆ ಮಾಡಿದ ಹಾಗೆ ಇದ್ದಳು. ಅದು ನನಗೆ ಸಾಯುವವರೆಗೆ ಉಂಟು.”

ಮಾಮಿ ಬೀಡಿ ಮುಟ್ಟುವುದನ್ನು ಬಿಟ್ಟಿದ್ದರು. ಗಂಜಿಯನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಆಟಿಯ ಕಡೆಯ ದಿನಗಳಲ್ಲಿ ಒಂದು ಬೆಳಗ್ಗೆ ನಾನು ದನದ ಹಟ್ಟಿಯಿಂದ ಬರುವಾಗ ಅವರು ಮಗನನ್ನು ಅಂಗಳದ ಮಣೆಯ ಮೇಲೆ ಕೂರಿಸಿಕೊಂಡು, ತಮ್ಮ ಕೈಯಿಂದಲೇ ಮೀಸೆ ಬೋಳಿಸುತ್ತಿದ್ದರು. ಇವರು ಕತ್ತು ಎತ್ತಿ ಕುಳಿತಿದ್ದರು. ನನಗೆ ಒಳಗಿದ್ದದ್ದೆಲ್ಲ ಉಕ್ಕಿಬಂತು.

“ಈಗ ಯಾಕೆ ಮಾಮಿ? ಈಗ ಯಾಕೆ? ಬಿಸುವಿಗೆ ತೆಗೆದಿದ್ದರೆ ಆಗ್ತಿರಲಿಲ್ಲವಾ? ಆಗ ನಾನು ಬಾಯಿ ಬಡಿದುಕೊಂಡದ್ದು ಯಾರಿಗೂ ಕೇಳಲಿಲ್ಲವಾ?”

ಮಾಮಿ ಕತ್ತಿಯನ್ನು ನೀರಿಗದ್ದಿ ತೊಳೆದರು. “ಗಾಜು ಕಣ್ಣನ್ನು ಹೊರಗೆ ಎಳೆದದ್ದಲ್ಲವಾ? ದೊಡ್ಡದರಲ್ಲಿ ಊದಿದರೆ ಬಿಡ್ತದೆ ಅಂತ ಉಮ್ಮರ್ ಹೇಳಿದ್ದಲ್ಲ. ಊದಿದರೆ ಕಣ್ಣು ಮತ್ತೆ ಒಳಗೆ ಹೋಗಬಹುದು,” ಎಂದರು. ಮಗುವಿನ ಹಾಗೆ ನನ್ನ ಮುಖ ನೋಡಿದರು. ಇವರು ದೊಡ್ಡದನ್ನು ಹಾಕಿಸಿಕೊಂಡರು. ತಾಯಿ ಊದು ಎಂದಾಗ ಊದಿದರು, ಇನ್ನೊಮ್ಮೆ ಎಂದಾಗ ಇನ್ನೊಮ್ಮೆ ಊದಿದರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆವತ್ತಿನಿಂದ ನನಗೆ ಮಾಮಿಯನ್ನು ಬೈಯಲು ಆಗಲಿಲ್ಲ.

ಸೋಣದ ಮೊದಲ ವಾರ, ಮೂಡುಬಿದಿರೆಯಲ್ಲಿ ಕಣ್ಣಿಗೆ ಔಷಧಿ ಬಿಡುವ ಪಂಡಿತರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಮಾಮಿ ಹಟ ಹಿಡಿದರು. ಮೂವರೂ ಬಸ್ಸು ಹತ್ತಿದೆವು. ಪಂಡಿತರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, “ಸುಮ್ಮನೆ ನಿಮ್ಮಿಂದ ಔಷಧಿಗೆ ಅಂತ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ,” ಎಂದು ಕಳುಹಿಸಿದರು. ಮಾಮಿ ಹೊರಗೆ ಬಂದು, “ಆಯಿತು, ಹೋಗುವ,” ಎಂದಷ್ಟೇ ಹೇಳಿ ಮಗನ ಕೈ ಹಿಡಿದು ನಡೆದರು.

ಬಸ್ಸಿಗೆ ಹೊತ್ತಿತ್ತು. ರಮಾನಾಥರ ಹೋಟೆಲಿಗೆ ಹೋಗಿ ಬೆಂಚಿನಲ್ಲಿ ಕುಳಿತೆವು. ಮಾಮಿ ಮಗನ ಬಲಕ್ಕೆ, ನಾನು ಎಡಕ್ಕೆ. ರಮಾನಾಥರು ಮಾಮಿಯನ್ನು ಮೊದಲು ಕಂಡವರಲ್ಲ. ಇವರ ಗುರುತು ಹಿಡಿದು ಗಲ್ಲೆಯಿಂದ ಎದ್ದು ಬಂದರು. ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ನೋಡಿದರು, ಆಮೇಲೆ ಅವರ ನೋಟ ಬೋಳು ಮೇಲ್ತುಟಿಗೆ ಇಳಿಯಿತು. ದನಿ ತಗ್ಗಿಸಿದರು.

“ಅಯ್ಯೋ ಜತ್ತಪ್ಪ, ಕಣ್ಣಿಗೂ ಏನೋ ಆಗಿದೆ, ಅದರ ಮೇಲೆ ಇದು ಬೇರೆಯಾ? ತಾಯಿ ತೀರಿಕೊಂಡರಾ? ನನಗೆ ಗೊತ್ತೇ ಆಗಲಿಲ್ಲ. ಯಾವಾಗ?”

ಇವರ ಮುಖ ಬಲಕ್ಕೆ, ತಾಯಿ ಕುಳಿತ ಕಡೆಗೆ ತಿರುಗಿತು. ನಾನು ಹೇಳಲು ಹೊರಟೆ.

“ಆಟಿಯಲ್ಲಿ,” ಎಂದರು ಮಾಮಿ.

ರಮಾನಾಥರು ಅವರ ಕಡೆ ತಿರುಗಿದರು. “ತುಂಬಾ ದಿನ ಮಲಗಿದ್ದರಾ?”

“ಇಲ್ಲ. ಕೋರೆಯ ದಡದಲ್ಲಿ, ನಿಂತಲ್ಲಿಯೇ ಹೋದದ್ದು.”

“ಪುಣ್ಯವಂತರು,” ಎಂದು ರಮಾನಾಥರು ಕೈ ಮುಗಿದು, ಮೂರು ಚಾ ಹೇಳಲು ಒಳಗೆ ಹೋದರು. ಇವರು ಬೆಂಚಿನ ಮೇಲೆ ತಡಕಾಡಿ ತಾಯಿಯ ಕೈಯನ್ನು ಹುಡುಕಿ ಹಿಡಿದುಕೊಂಡರು.